ಸ್ವಯಂಚಾಲಿತ ಟೆಸ್ಟ್‌ಗಳ ಕರೆಂಟು ಖರ್ಚು: ಲ್ಯಾಪ್‌ಟಾಪ್, ಕಚೇರಿಯ ಯಂತ್ರ, ಕ್ಲೌಡ್ – ಯಾವುದನ್ನು ಆರಿಸಬೇಕು?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಕುಳಿತು ತಂತ್ರಾಂಶ ಬರೆಯುವವರು ಈಗ ಅಪರೂಪವೇನಲ್ಲ. ಮಾಚೇನಹಳ್ಳಿಯ ಐಟಿ ಪಾರ್ಕ್‌ಗೆ ಹೋಗಿ ಬರುವವರಿದ್ದಾರೆ, ಬೆಂಗಳೂರಿನ ಕಂಪನಿಗೆ ಊರಿನ ಮನೆಯಿಂದಲೇ ದುಡಿಯುವವರಿದ್ದಾರೆ, ನಾಲ್ಕೈದು ಜನ ಸೇರಿ ಸ್ಥಳೀಯ ವ್ಯಾಪಾರಿಗಳಿಗೂ ಸಹಕಾರ ಸಂಘಗಳಿಗೂ ಲೆಕ್ಕದ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡಗಳೂ ಇವೆ. ಬರೆದದ್ದು ಸರಿಯಾಗಿದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸುವ ಸ್ವಯಂಚಾಲಿತ ಟೆಸ್ಟ್‌ಗಳು ಇವರೆಲ್ಲರ ಕೆಲಸದಲ್ಲಿ ಸೇರಿಹೋಗಿವೆ. ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿ ಪುಶ್ ಮಾಡಿದರೆ, ಅಂದರೆ ತಂಡದ ಸಾಮಾನ್ಯ ಸಂಗ್ರಹಕ್ಕೆ ಕಳಿಸಿದರೆ ಸಾಕು, ನೂರಾರು ಪರೀಕ್ಷೆಗಳು ತಾವಾಗಿಯೇ ಓಡುತ್ತವೆ. ಆ ಓಟಕ್ಕೆ ತಗಲುವ ವಿದ್ಯುತ್ತು ಮೆಸ್ಕಾಂ ಬಿಲ್ಲಿನಲ್ಲಿ ಬೇರೆಯಾಗಿ ಕಾಣುವುದಿಲ್ಲವಾದ್ದರಿಂದ ಅದರ ವಿಚಾರ ಚರ್ಚೆಗೆ ಬರುವುದು ಕಡಿಮೆ. ಚರ್ಚೆಗೆ ಬಂದಾಗಲೂ ಪ್ರಶ್ನೆ ಒಂದೇ: ಟೆಸ್ಟ್‌ಗಳನ್ನು ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು ಒಳ್ಳೆಯದೋ, ಕಚೇರಿಯಲ್ಲಿ ಇಟ್ಟ ಯಂತ್ರದಲ್ಲೋ, ಇಂಟರ್ನೆಟ್ ಮೂಲಕ ಬಳಸಲು ಸಿಗುವ ದೂರದ ಯಂತ್ರಗಳಾದ ಕ್ಲೌಡ್‌ನಲ್ಲೋ? ಈ ಮೂರನ್ನೂ ಇಲ್ಲಿ ಹೋಲಿಸಿದ್ದೇನೆ. ಆದರೆ ಏನನ್ನು ಓಡಿಸುತ್ತೇವೆ, ಎಷ್ಟು ಸಲ ಓಡಿಸುತ್ತೇವೆ, ಓಟವಿಲ್ಲದ ಹೊತ್ತಿನಲ್ಲಿ ಯಂತ್ರ ಏನು ಮಾಡುತ್ತಿರುತ್ತದೆ ಎಂಬ ಮೂರು ಸಂಗತಿಗಳು ಸ್ಥಳದ ಆಯ್ಕೆಗಿಂತ ದೊಡ್ಡವು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಲಿಕೆಯನ್ನು ಆ ದೃಷ್ಟಿಯಿಂದಲೇ ಮಾಡಿದ್ದೇನೆ.

ಅಳತೆಯಿಲ್ಲದೆ ಹೋಲಿಕೆ ಇಲ್ಲ

ನಾವು ಯೂನಿಟ್ ಎಂದು ಕರೆಯುವುದು ಒಂದು ಕಿಲೋವಾಟ್ ಗಂಟೆ, ಅಂದರೆ 36 ಲಕ್ಷ ಜೌಲ್. 40 ವಾಟ್ ಎಳೆಯುವ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್‌ಗಳು 15 ನಿಮಿಷ ಓಡಿದರೆ 10 ವಾಟ್ ಗಂಟೆ ಖರ್ಚಾಗುತ್ತದೆ. ಅಂಥ ನೂರು ಓಟಗಳಿಗೆ ಒಂದು ಯೂನಿಟ್. ವಾಟ್ ಎಷ್ಟು, ಎಷ್ಟು ಹೊತ್ತು, ಎಷ್ಟು ಸಲ ಎಂಬ ಮೂರನ್ನು ಗುಣಿಸಿದರೆ ಲೆಕ್ಕ ಮುಗಿಯಿತು. ಇವುಗಳಲ್ಲಿ ಹೊತ್ತು ಮತ್ತು ಸಲ ಎರಡೂ, ಪುಶ್ ಬಂದೊಡನೆ ಟೆಸ್ಟ್‌ಗಳನ್ನು ಓಡಿಸುವ ಏರ್ಪಾಡಾದ ಪೈಪ್‌ಲೈನ್‌ನ ದಾಖಲೆಯಲ್ಲೇ ಸಿಗುತ್ತವೆ, ವಾಟ್ ಒಂದನ್ನು ಮಾತ್ರ ನಾವೇ ಅಳೆದುಕೊಳ್ಳಬೇಕು.

ಅಳೆಯಲು ಎರಡು ದಾರಿಗಳಿವೆ. ಗೋಡೆಯ ಸಾಕೆಟ್‌ಗೂ ಯಂತ್ರದ ಪ್ಲಗ್‌ಗೂ ನಡುವೆ ಹಾಕುವ ಸಣ್ಣ ವಾಟ್ ಮೀಟರ್ ಮೊದಲನೆಯದು. ಪರದೆ, ಡಿಸ್ಕ್, ಫ್ಯಾನ್, ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿ ಶಾಖವಾಗಿ ಹೋಗುವ ನಷ್ಟ ಎಲ್ಲವನ್ನೂ ಅದು ಸೇರಿಸಿ ತೋರಿಸುತ್ತದೆ. ಪ್ರೊಸೆಸರ್‌ನೊಳಗೇ ಇರುವ ಲೆಕ್ಕ ಎರಡನೆಯದು. ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದ ಆರ್‌ಎಪಿಎಲ್ ಎಂಬ ಏರ್ಪಾಡನ್ನು ಕೊಡುತ್ತಿದ್ದು, ಲಿನಕ್ಸ್‌ನಲ್ಲಿ ಪರ್ಫ್ ಎಂಬ ಉಪಕರಣದ ಮೂಲಕ ಒಂದು ಟೆಸ್ಟ್ ಓಟಕ್ಕೆ ಪ್ರೊಸೆಸರ್ ಎಷ್ಟು ಜೌಲ್ ಬಳಸಿತು ಎಂದು ಓದಬಹುದು. ಇದಕ್ಕೆ ಅಡ್ಮಿನ್ ಅನುಮತಿ ಬೇಕು, ಮತ್ತು ಇದು ಪರದೆಯನ್ನಾಗಲಿ ಪೂರೈಕೆಯ ನಷ್ಟವನ್ನಾಗಲಿ ಎಣಿಸುವುದಿಲ್ಲ. ಒಂದೇ ಯಂತ್ರದಲ್ಲಿ ಎರಡು ಟೆಸ್ಟ್‌ಗಳನ್ನು ಹೋಲಿಸಲು ಆರ್‌ಎಪಿಎಲ್ ಸಾಕು. ಎರಡು ಯಂತ್ರಗಳನ್ನು ಹೋಲಿಸಲು ಗೋಡೆಯ ಮೀಟರನ್ನೇ ನಂಬಬೇಕು. ಮುಂದೆ ಬರುವ ವಾಟ್‌ಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡ ಸಾಧಾರಣ ಅಂದಾಜುಗಳು. ಅವುಗಳ ಜಾಗದಲ್ಲಿ ನಿಮ್ಮ ಮೀಟರಿನ ಅಂಕಿಗಳನ್ನು ಹಾಕಿಕೊಳ್ಳಿ.

ಎಲ್ಲಿ ಓಡಿಸಬೇಕು

ಲ್ಯಾಪ್‌ಟಾಪ್‌ನ ದೊಡ್ಡ ಗುಣವೆಂದರೆ ಅದು ಹೇಗೂ ಆನ್ ಆಗಿಯೇ ಇರುತ್ತದೆ, ಹಾಗಾಗಿ ಟೆಸ್ಟ್‌ನ ಲೆಕ್ಕಕ್ಕೆ ಬರುವುದು ಹೆಚ್ಚುವರಿ ವಾಟ್‌ಗಳು ಮಾತ್ರ. ಬ್ಯಾಟರಿ ಬೇಗ ಖಾಲಿಯಾಗದಿರಲೆಂದು ಅದರ ಪ್ರೊಸೆಸರನ್ನು ಮಿತವ್ಯಯಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಲೈಬ್ರರಿಗಳು, ಡೇಟಾಬೇಸ್, ಹಿಂದಿನ ಬಿಲ್ಡ್‌ನ ಫಲಿತಾಂಶ ಎಲ್ಲವೂ ಅಲ್ಲೇ ಸಿದ್ಧವಿರುವುದರಿಂದ ತಯಾರಿಗೆ ಸಮಯ ಹೋಗುವುದಿಲ್ಲ. ಕೊರತೆ ಎಂದರೆ ಒಬ್ಬರ ಯಂತ್ರದಲ್ಲಿ ಪಾಸಾದದ್ದು ಇನ್ನೊಬ್ಬರಲ್ಲಿ ಪಾಸಾಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ತಂಡಕ್ಕೆ ಎಲ್ಲರೂ ಒಪ್ಪುವ ಒಂದು ಸಾಮಾನ್ಯ ಜಾಗ ಬೇಕೇ ಬೇಕಾಗುತ್ತದೆ.

ಆ ಸಾಮಾನ್ಯ ಜಾಗವಾಗಿ ಸಣ್ಣ ಕಚೇರಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪನ್ನು. ಅದಕ್ಕೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್ ತಂತ್ರಾಂಶ ಹಾಕಿ, ಯುಪಿಎಸ್ ಜೋಡಿಸಿ, ಹಗಲೂ ರಾತ್ರಿ ಬಿಟ್ಟಿರುತ್ತಾರೆ. ಹೊಸದಾಗಿ ಏನನ್ನೂ ಕೊಳ್ಳದ ಕಾರಣ ಇದು ಉಳಿತಾಯದ ದಾರಿಯೆಂದು ತೋರುತ್ತದೆ. ಆ ಯಂತ್ರ ಸುಮ್ಮನಿದ್ದಾಗ 50 ವಾಟ್, ಟೆಸ್ಟ್ ಓಡುವಾಗ 90 ವಾಟ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಐದು ಜನರ ತಂಡ ದಿನಕ್ಕೆ ಮೂವತ್ತು ಸಲ ಪುಶ್ ಮಾಡಿ, ಪ್ರತಿ ಓಟಕ್ಕೂ 12 ನಿಮಿಷ ಹಿಡಿದರೆ ಯಂತ್ರ ನಿಜವಾಗಿ ದುಡಿಯುವುದು 6 ಗಂಟೆ. ದುಡಿಮೆಯ ಹೆಚ್ಚುವರಿ ಖರ್ಚು 0.24 ಯೂನಿಟ್, ಇಪ್ಪತ್ನಾಲ್ಕು ಗಂಟೆ ಬರಿದೇ ಎಚ್ಚರವಾಗಿರುವುದಕ್ಕೆ 1.2 ಯೂನಿಟ್. ಒಟ್ಟು ಖರ್ಚಿನ ಆರು ಪಾಲಿನಲ್ಲಿ ಐದು ಪಾಲು ಯಾವ ಟೆಸ್ಟನ್ನೂ ಓಡಿಸದೆ ಹೋಗುತ್ತದೆ. ಟೆಸ್ಟ್‌ಗಳನ್ನು ಎಷ್ಟೇ ಜಾಣತನದಿಂದ ತಿದ್ದಿದರೂ ಈ ಐದು ಪಾಲು ಕರಗುವುದಿಲ್ಲ. ಕೆಲಸವಿಲ್ಲದಾಗ ಯಂತ್ರ ನಿದ್ರೆಗೆ ಹೋಗಿ, ಪುಶ್ ಬಂದಾಗ ನೆಟ್‌ವರ್ಕ್‌ನ ಕರೆಗೆ ಏಳುವಂತೆ ವೇಕ್ ಆನ್ ಲ್ಯಾನ್ ಸೌಲಭ್ಯವನ್ನು ಹೊಂದಿಸಿದರೆ ಅದೇ 1.44 ಯೂನಿಟ್ ಸುಮಾರು 0.6ಕ್ಕೆ ಇಳಿಯುತ್ತದೆ. ಹೆಚ್ಚಿನ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಆನ್ ಮಾಡಿಕೊಳ್ಳಬೇಕಷ್ಟೆ.

ಮಲೆನಾಡಿನ ಮಳೆಗಾಲವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಹೊಸನಗರ, ತೀರ್ಥಹಳ್ಳಿಯ ಕಡೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಮನೆಯ ಇನ್ವರ್ಟರಿನ ಲೆಡ್ ಆಸಿಡ್ ಬ್ಯಾಟರಿ ತುಂಬಿಸಿಕೊಂಡ ವಿದ್ಯುತ್ತಿನಲ್ಲಿ ಸುಮಾರು ಕಾಲು ಭಾಗ ನಷ್ಟವಾಗಿಯೇ ಹೋಗುತ್ತದೆ, ಹಾಗಾಗಿ ಇನ್ವರ್ಟರ್ ಮೇಲೆ ಓಡಿಸಿದ ಟೆಸ್ಟ್ ಅಷ್ಟರಮಟ್ಟಿಗೆ ದುಬಾರಿ. ಅರ್ಧಕ್ಕೆ ನಿಂತ ಓಟವನ್ನು ಮೊದಲಿನಿಂದ ಶುರುಮಾಡಿದರೆ ಆಗಿದ್ದ ಖರ್ಚೂ ವ್ಯರ್ಥ. ಉದ್ದದ ಓಟವನ್ನು ತುಂಡುಗಳಾಗಿ ಒಡೆದು, ಮುಗಿದ ತುಂಡಿನ ಫಲಿತಾಂಶವನ್ನು ಆಗಿಂದಾಗಲೇ ಉಳಿಸಿಕೊಳ್ಳುವ ವ್ಯವಸ್ಥೆ ಬೇರೆಡೆ ಅನುಕೂಲಕ್ಕಾಗಿ ಇದ್ದರೆ ಇಲ್ಲಿ ಅಗತ್ಯಕ್ಕಾಗಿ ಇರಬೇಕು.

ಕ್ಲೌಡ್‌ನ ವಿಷಯದಲ್ಲಿ ಎರಡು ಬದಿಯ ಮಾತುಗಳೂ ನಿಜ. ಅಲ್ಲಿ ಒಂದೇ ಸರ್ವರನ್ನು ಹತ್ತಾರು ಜನ ಹಂಚಿಕೊಳ್ಳುವುದರಿಂದ ಸುಮ್ಮನೆ ಎಚ್ಚರವಾಗಿರುವ ಖರ್ಚು ಎಲ್ಲರ ನಡುವೆ ಹರಿದು ಹಂಚಿಹೋಗುತ್ತದೆ. ಕೆಲಸವಿಲ್ಲದಾಗ ನಿಮ್ಮ ಹೆಸರಿನಲ್ಲಿ ಯಂತ್ರವೇ ಇರುವುದಿಲ್ಲ. ಡೇಟಾ ಸೆಂಟರ್‌ಗಳಲ್ಲಿ ತಂಪಾಗಿಸಲು ಮತ್ತಿತರ ಕೆಲಸಕ್ಕೆ ಎಷ್ಟು ಹೋಗುತ್ತದೆಂದು ತಿಳಿಸುವ ಪಿಯುಇ ಎಂಬ ಅಳತೆಯಿದೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ 2023ರ ಸಮೀಕ್ಷೆಯಲ್ಲಿ ಅದರ ಸರಾಸರಿ 1.58 ಇತ್ತು, ಅಂದರೆ ಕಂಪ್ಯೂಟರ್‌ಗಳಿಗೆ 1 ಯೂನಿಟ್ ಹೋದರೆ ಉಳಿದದ್ದಕ್ಕೆ 0.58 ಯೂನಿಟ್. ಗೂಗಲ್ ತನ್ನ ಕೇಂದ್ರಗಳಿಗೆ ಹೇಳಿಕೊಳ್ಳುವ ಅಂಕಿ 1.10ರ ಆಸುಪಾಸಿನದು. ಇನ್ನೊಂದು ಬದಿಯ ಮಾತು ತಯಾರಿಯ ಖರ್ಚಿನದು. ರನ್ನರ್, ಅಂದರೆ ಟೆಸ್ಟ್ ಓಡಿಸಲು ಕ್ಲೌಡ್ ಕೊಡುವ ಯಂತ್ರ, ಪ್ರತಿ ಸಲವೂ ಖಾಲಿಯಾಗಿಯೇ ಹುಟ್ಟುತ್ತದೆ. ಕೋಡ್ ಇಳಿಸಿಕೊಂಡು, ಲೈಬ್ರರಿಗಳನ್ನು ಹಾಕಿಕೊಂಡು, ಬ್ರೌಸರ್ ತಂದುಕೊಂಡು ಆಮೇಲೆ ಟೆಸ್ಟ್ ಶುರು. 12 ನಿಮಿಷದ ಓಟದಲ್ಲಿ 4 ನಿಮಿಷ ಇದಕ್ಕೇ ಹೋದರೆ ಮೂರರಲ್ಲಿ ಒಂದು ಪಾಲು ಯಾವುದನ್ನೂ ಪರೀಕ್ಷಿಸದೆ ಕಳೆದಂತಾಯಿತು. ಆದ್ದರಿಂದ ಒಮ್ಮೆ ಇಳಿಸಿಕೊಂಡದ್ದನ್ನು ಮುಂದಿನ ಓಟಕ್ಕೆ ಉಳಿಸಿಡುವ ಕ್ಯಾಶ್ ಎಂಬ ವ್ಯವಸ್ಥೆಯನ್ನು ಹೊಂದಿಸದ ಕ್ಲೌಡ್ ಪೈಪ್‌ಲೈನನ್ನು ಕ್ಯಾಶ್ ಹೊಂದಿಸಿದ್ದರ ಜೊತೆ ಒಂದೇ ಎಂದು ಎಣಿಸಬಾರದು. ಕ್ಲೌಡ್‌ನಲ್ಲಿ ವಾಟ್‌ಗಳನ್ನು ನೇರವಾಗಿ ಅಳೆಯಲು ಬಳಕೆದಾರರಿಗೆ ಅವಕಾಶವಿಲ್ಲದಿರುವುದೂ ನಿಜವೇ. ನಿಮಿಷಗಳನ್ನೇ ಅಳತೆಗೋಲಾಗಿ ಹಿಡಿಯಬೇಕು.

ದಿನದಲ್ಲಿ ಕೆಲವೇ ಸಲ ಓಡಿಸುವ ತಂಡಕ್ಕೆ ಕ್ಯಾಶ್ ಇರುವ ಕ್ಲೌಡ್ ಸೂಕ್ತ, ಏಕೆಂದರೆ ಎಚ್ಚರದ ಖರ್ಚು ಇಲ್ಲ. ಹಗಲಿಡೀ ಒಂದರ ಹಿಂದೆ ಒಂದು ಓಟ ಇರುವ ತಂಡಕ್ಕೆ, ರಾತ್ರಿ ಮಲಗುವ ಸ್ವಂತ ಯಂತ್ರ ಅದಕ್ಕೆ ಸಮನಾಗಬಲ್ಲದು. ಹಗಲೂ ರಾತ್ರಿ ಎಚ್ಚರವಾಗಿರುವ ಹಳೆಯ ಡೆಸ್ಕ್‌ಟಾಪನ್ನು ಮಾತ್ರ ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ಯಾವ ಬಗೆಯ ಟೆಸ್ಟ್

ಇಲ್ಲಿನ ಆಯ್ಕೆಗೆ ಸಿಗುವ ಫಲ ಸ್ಥಳದ ಆಯ್ಕೆಗಿಂತ ನೂರಾರು ಪಟ್ಟು ಹೆಚ್ಚು, ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅಡಿಕೆ ಮಂಡಿಗೆ ಲೆಕ್ಕದ ತಂತ್ರಾಂಶ ಬರೆದಿದ್ದೀರಿ ಎಂದುಕೊಳ್ಳಿ. ರೈತರು ತಂದ ಮಾಲು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡವಾಗಿರುತ್ತದೆ. ಪ್ರತಿ ಲಾಟಿಗೂ ಚೀಲದ ತೂಕ ಕಳೆಯಬೇಕು, ಕ್ವಿಂಟಾಲಿಗೆ ಬಿದ್ದ ದರದಿಂದ ಗುಣಿಸಬೇಕು, ಹಮಾಲಿ ಮುರಿಯಬೇಕು, ರೈತರು ಮೊದಲೇ ಪಡೆದ ಮುಂಗಡವಿದ್ದರೆ ಬಡ್ಡಿಸಹಿತ ವಜಾ ಮಾಡಬೇಕು. ಈ ಎಲ್ಲ ಸೇರ್ಪಡೆಗಳನ್ನು ಪರೀಕ್ಷಿಸಲು 400 ಟೆಸ್ಟ್‌ಗಳು ಬೇಕಾದವು ಎನ್ನೋಣ.

ಅವನ್ನು ಬ್ರೌಸರ್ ಮೂಲಕ ಬರೆದರೆ ಪ್ರತಿಯೊಂದೂ ಕ್ರೋಮಿಯಂ ಬ್ರೌಸರ್ ತೆರೆದು, ಲಾಗಿನ್ ಆಗಿ, ಲಾಟನ್ನು ನಮೂದಿಸಿ, ಬಿಲ್ಲಿನ ಪುಟ ಬರುವತನಕ ಕಾದು, ಪರದೆಯ ಮೇಲಿನ ಮೊತ್ತವನ್ನು ಓದಿ ಹೋಲಿಸಬೇಕು. ಒಂದಕ್ಕೆ 8 ಸೆಕೆಂಡ್ ಹಿಡಿದರೂ ಒಟ್ಟು 3200 ಸೆಕೆಂಡ್, ಸುಮಾರು 53 ನಿಮಿಷ. 30 ವಾಟ್‌ನ ಯಂತ್ರದಲ್ಲಿ ಅದು 96,000 ಜೌಲ್. ಅದೇ ಲೆಕ್ಕಾಚಾರದ ಫಂಕ್ಷನನ್ನು ನೇರವಾಗಿ ಕರೆದು, ತೂಕ ದರ ಮುಂಗಡಗಳನ್ನು ಕೊಟ್ಟು, ಬಂದ ಮೊತ್ತ ಸರಿಯೇ ಎಂದು ನೋಡುವ ಯೂನಿಟ್ ಟೆಸ್ಟ್ (ಕರೆಂಟಿನ ಯೂನಿಟ್‌ಗೂ ಈ ಹೆಸರಿಗೂ ಸಂಬಂಧವಿಲ್ಲ) ಆಗಿ ಬರೆದರೆ 400 ಸೇರಿ 2 ಸೆಕೆಂಡಿನಲ್ಲಿ ಮುಗಿಯಬಲ್ಲವು: 60 ಜೌಲ್. ಒಂದೇ ತಪ್ಪನ್ನು ಹಿಡಿಯುವ ಎರಡು ದಾರಿಗಳ ನಡುವಿನ ಅಂತರ ಸಾವಿರದ ಆರುನೂರು ಪಟ್ಟು. ಯಾವ ಕ್ಲೌಡ್ ಆಗಲಿ, ಯಾವ ಹೊಸ ಪ್ರೊಸೆಸರ್ ಆಗಲಿ ಇದರ ಹತ್ತಿರ ಸುಳಿಯುವಷ್ಟು ಉಳಿತಾಯ ಕೊಡುವುದಿಲ್ಲ.

ಇದರಿಂದ ಬ್ರೌಸರ್ ಟೆಸ್ಟ್ ಬೇಡವೆಂದು ತೀರ್ಮಾನಿಸುವಂತಿಲ್ಲ. ಲೆಕ್ಕ ಸರಿಯಿದ್ದೂ ಬಟನ್ ಒತ್ತಿದಾಗ ಏನೂ ಆಗದಿದ್ದರೆ ಗುಮಾಸ್ತರಿಗೆ ತಂತ್ರಾಂಶ ಕೆಟ್ಟಂತೆಯೇ. ಲಾಗಿನ್, ಪ್ರತಿ ದರ್ಜೆಗೆ ಒಂದು ಲಾಟಿನ ನಮೂದು, ಬಿಲ್ ಮುದ್ರಣ, ಮುಂಗಡದ ವಜಾ ಹೀಗೆ ಏಳೆಂಟು ದಾರಿಗಳಿಗೆ ಬ್ರೌಸರ್ ಟೆಸ್ಟ್ ಇರಲಿ. ಅಂಕಿಗಳ ಏರಿಳಿತವೆಲ್ಲ ಕೆಳಗಿನ ಹಂತದಲ್ಲೇ ಮುಗಿಯಲಿ. ಬ್ರೌಸರ್ ಟೆಸ್ಟ್ ಓಡಿಸುವ ಉಪಕರಣಗಳಲ್ಲಿ ಸೆಲೆನಿಯಂ 2004ರಲ್ಲೇ ಬಂತು, ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರಲ್ಲಿ ಬಂತು. ಎರಡರಲ್ಲಿ ಯಾವುದು ಮಿತವ್ಯಯಿ ಎಂದು ಕೇಳುವವರಿಗೆ ನನ್ನ ಸಲಹೆ, ಉಪಕರಣ ಬದಲಿಸುವುದಕ್ಕಿಂತ ಮೊದಲು ನಿಮ್ಮ ಟೆಸ್ಟ್‌ಗಳೊಳಗಿನ ಸ್ಲೀಪ್ ಸಾಲುಗಳನ್ನು ಹುಡುಕಿ. ಪುಟ ಬಂದಿರಲಿಕ್ಕಿಲ್ಲವೆಂಬ ಅಂಜಿಕೆಯಿಂದ ಹಾಕಿದ ಐದು ಸೆಕೆಂಡಿನ ನಿದ್ದೆ, ಬೇಕಾದ ಅಂಶ ಕಂಡೊಡನೆ ಮುಂದುವರಿಯುವ ಕಾಯುವಿಕೆಯಾಗಿ ಬದಲಾದರೆ ಎರಡೂ ಉಪಕರಣಗಳಲ್ಲಿ ಸಮಯ ಉಳಿಯುತ್ತದೆ. ಪ್ರತಿ ಓಟದ ವಿಡಿಯೋ ಉಳಿಸುವ ಆಯ್ಕೆಯನ್ನು ಫೇಲ್ ಆದಾಗ ಮಾತ್ರ ಎಂದು ಹೊಂದಿಸಿ.

ಎಲ್ಲವನ್ನೂ, ಪ್ರತಿ ಸಲವೂ?

ರೀಡ್‌ಮಿ ಎಂಬ ವಿವರಣೆಯ ಕಡತದಲ್ಲಿ ಒಂದು ಅಕ್ಷರದ ತಪ್ಪು ತಿದ್ದಿದ್ದಕ್ಕೂ ಪೂರ್ಣ ಓಟ ನಡೆಯುವ ಪೈಪ್‌ಲೈನ್‌ಗಳು ಬಹಳ. ಯಾವ ಕಡತ ಬದಲಾದರೆ ಯಾವ ಟೆಸ್ಟ್ ಓಡಬೇಕೆಂಬ ಪಾತ್ ಫಿಲ್ಟರ್, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಪೈಪ್‌ಲೈನ್ ಸೇವೆ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಎರಡು ಸಾಲಿನ ಕೆಲಸ. ಕೋಡ್‌ನ ಒಂದೇ ಬ್ರಾಂಚಿಗೆ, ಅಂದರೆ ಕವಲಿಗೆ, ಹೊಸ ಪುಶ್ ಬಂದಾಗ ಹಳೆಯ ಓಟವನ್ನು ತಾನಾಗಿ ನಿಲ್ಲಿಸುವ ಆಯ್ಕೆಯೂ ಅಲ್ಲೇ ಇದೆ. ಐದು ನಿಮಿಷಕ್ಕೊಮ್ಮೆ ಪುಶ್ ಮಾಡುವ ಅಭ್ಯಾಸವಿರುವ ತಂಡಕ್ಕೆ ಇದೊಂದೇ ಗಣನೀಯ ಉಳಿತಾಯ ಕೊಡುತ್ತದೆ. ಟೆಸ್ಟ್‌ಗಳನ್ನು ಆಯ್ದು ಓಡಿಸಲು, ಪೈಥಾನ್ ಭಾಷೆಯ ಪೈಟೆಸ್ಟ್ ಬಳಸುವವರಿಗೆ ಟೆಸ್ಟ್‌ಮಾನ್, ಜಾವಾಸ್ಕ್ರಿಪ್ಟ್‌ನ ಜೆಸ್ಟ್ ಬಳಸುವವರಿಗೆ ಬದಲಾದದ್ದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಓಡಿಸುವ ಆಯ್ಕೆ, ದೊಡ್ಡ ಯೋಜನೆಗಳಿಗೆ ಗೂಗಲ್ 2015ರಲ್ಲಿ ಮುಕ್ತಗೊಳಿಸಿದ ಬಿಲ್ಡ್ ಉಪಕರಣ ಬೇಜಲ್ ಇವೆ. ಆಯ್ದು ಓಡಿಸುವಾಗ ಒಂದೊಂದು ದೋಷ ತಪ್ಪಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ದಿನಕ್ಕೊಮ್ಮೆಯಾದರೂ ಮತ್ತು ಗ್ರಾಹಕರಿಗೆ ಬಿಡುಗಡೆ ಮಾಡುವ ಮೊದಲು ತಪ್ಪದೆ, ಪೂರ್ಣ ಓಟ ಇರಲೇಬೇಕು. ರೈತರ ಹಣದ ಲೆಕ್ಕವಿರುವ ತಂತ್ರಾಂಶದಲ್ಲಿ ನಾಲ್ಕು ಯೂನಿಟ್ ಉಳಿಸಲು ಈ ಹೆಜ್ಜೆಯನ್ನು ಬಿಡುವುದನ್ನು ನಾನು ಒಪ್ಪುವುದಿಲ್ಲ.

ಫ್ಲೇಕಿ ಟೆಸ್ಟ್‌ಗಳದು ಬೇರೆಯೇ ಕಾಟ. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲ್ ಆಗುವ ಇವು ಜನರಿಗೆ ಮತ್ತೆ ಓಡಿಸುವ ಚಟ ಹಿಡಿಸುತ್ತವೆ. ಗೂಗಲ್ 2016ರಲ್ಲಿ ಪ್ರಕಟಿಸಿದ ಮಾಹಿತಿಯಂತೆ ಅಲ್ಲಿನ ಎಲ್ಲ ಓಟಗಳಲ್ಲಿ ಸುಮಾರು ಶೇ 1.5 ಇಂಥ ಫಲಿತಾಂಶ ಕೊಡುತ್ತಿದ್ದವು, ಮತ್ತು ಟೆಸ್ಟ್‌ಗಳ ಪೈಕಿ ಸುಮಾರು ಶೇ 16ರಲ್ಲಿ ಈ ಗುಣ ಒಂದಿಷ್ಟಾದರೂ ಇತ್ತು. ಫೇಲ್ ಆದರೆ ಮೂರು ಸಲ ಮತ್ತೆ ಓಡಿಸು ಎಂಬ ಸಾಲು ಪೈಪ್‌ಲೈನ್‌ನಲ್ಲಿದ್ದರೆ ಖರ್ಚು ಹೆಚ್ಚುವುದಷ್ಟೇ ಅಲ್ಲ, ನಿಜವಾದ ದೋಷವೂ ಮರೆಯಾಗುತ್ತದೆ. ಮತ್ತೆ ಓಡಿಸಲೇಬೇಕಾದಾಗ ಫೇಲ್ ಆದದ್ದನ್ನು ಮಾತ್ರ ಓಡಿಸುವ ಆಯ್ಕೆ ಪೈಟೆಸ್ಟ್ ಮುಂತಾದ ಹಲವು ಮುಖ್ಯ ಉಪಕರಣಗಳಲ್ಲಿ ಇದೆ.

ಒಟ್ಟಿಗೆ ಓಡಿಸುವುದೋ, ಸಾಲಾಗಿಯೋ

ಟೆಸ್ಟ್‌ಗಳನ್ನು ಪ್ರೊಸೆಸರಿನ ನಾಲ್ಕು ಕೋರ್‌ಗಳಲ್ಲಿ ಒಟ್ಟಿಗೆ ಓಡಿಸಿದರೆ ಬೇಗ ಮುಗಿಯುತ್ತದೆ, ಆದರೆ ವಾಟ್ ಏರುತ್ತದೆ. ಸುಮ್ಮನಿದ್ದಾಗ 40 ವಾಟ್‌ನ ಯಂತ್ರ, ಸಾಲಾಗಿ ಓಡಿಸಿದರೆ 55 ವಾಟ್‌ನಲ್ಲಿ 20 ನಿಮಿಷ; ಒಟ್ಟಿಗೆ ಓಡಿಸಿದರೆ 85 ವಾಟ್‌ನಲ್ಲಿ 6 ನಿಮಿಷ. ಮೊದಲನೆಯದಕ್ಕೆ 18 ವಾಟ್ ಗಂಟೆಯ ಮೇಲೆ, ಎರಡನೆಯದಕ್ಕೆ 8.5. ಮುಗಿದ ಮೇಲೆ ಯಂತ್ರ ಮಲಗಿದರೆ ಮಾತ್ರ ಈ ಲಾಭ ಕೈಗೆ ಹತ್ತುತ್ತದೆ. ಎಚ್ಚರವಾಗಿಯೇ ಇದ್ದರೆ ಹೆಚ್ಚುವರಿ ಖರ್ಚು 5 ಮತ್ತು 4.5 ವಾಟ್ ಗಂಟೆ, ಹೆಚ್ಚು ಕಡಿಮೆ ಒಂದೇ. ಕ್ಲೌಡ್‌ನಲ್ಲಿ ನಾಲ್ಕು ಬೇರೆ ಬೇರೆ ರನ್ನರ್‌ಗಳಿಗೆ ಹಂಚಿದರೆ ತಯಾರಿಯ ಖರ್ಚು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಅಲ್ಲಿ ಒಂದೇ ರನ್ನರ್‌ನೊಳಗೆ ಇರುವಷ್ಟು ಕೋರ್‌ಗಳನ್ನು ಪೂರ್ತಿ ಬಳಸಿ, ಅದೂ ಸಾಲದಾದಾಗ ಹಂಚುವುದು ಸರಿಯಾದ ಕ್ರಮ.

ಯಾವ ಹೊತ್ತಿನಲ್ಲಿ

ಶರಾವತಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಹರಿಯುವಾಗ ನಮ್ಮ ಕರೆಂಟು ನೀರಿನದೇ ಅಲ್ಲವೇ ಎಂದು ಕೇಳುವವರಿದ್ದಾರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಡೆಸುವ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ಸಾಮರ್ಥ್ಯದ್ದು, ನಿಜ. ಆದರೆ ದಕ್ಷಿಣದ ಜಾಲ 2013ರ ಕೊನೆಯ ದಿನದಂದು ದೇಶದ ಜಾಲಕ್ಕೆ ಕೂಡಿಕೊಂಡಿದೆ; ಸಾಗರದಲ್ಲಿ ಪ್ಲಗ್ ಹಾಕಿದ ಯಂತ್ರಕ್ಕೆ ರಾಯಚೂರಿನ ಕಲ್ಲಿದ್ದಲೂ ಪಾವಗಡದ ಬಿಸಿಲೂ ಸೇರಿಯೇ ಬರುತ್ತವೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕುತ್ತಾರೆ. ಹಗಲು ಸೌರ ವಿದ್ಯುತ್ತು ಧಾರಾಳವಾಗಿರುತ್ತದೆ, ಸಂಜೆ ಬೇಡಿಕೆ ಏರುವ ಹೊತ್ತಿಗೆ ಅದು ಇರುವುದಿಲ್ಲ. ಜಲವಿದ್ಯುತ್ತನ್ನು ಮುಖ್ಯವಾಗಿ ಆ ಹೊತ್ತಿಗಾಗಿ ಕಾದಿಡುತ್ತಾರೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟಿರುವುದೂ ಹಗಲಿನ ಹೆಚ್ಚುವರಿಯನ್ನು ಸಂಜೆಗೆ ಎತ್ತಿಡುವ ಸಲುವಾಗಿಯೇ. ಅಣೆಕಟ್ಟಿನಿಂದ ಮುಳುಗಡೆಯಾದ ಊರುಗಳ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವ ಜಿಲ್ಲೆಯಲ್ಲಿ ಕುಳಿತು ಸಂಜೆಯ ಯೂನಿಟ್ಟನ್ನೂ ಮಧ್ಯಾಹ್ನದ ಯೂನಿಟ್ಟನ್ನೂ ಒಂದೇ ಎಂದು ಎಣಿಸಲು ನನ್ನಿಂದಾಗದು.

ಪೂರ್ಣ ಓಟವನ್ನು ರಾತ್ರಿಗೆ ಇಡುವ, ರಾತ್ರಿಯ ಬಿಲ್ಡ್ ಎಂಬ ರೂಢಿಯನ್ನು ಹಾಗಾಗಿ ಮರುಪರಿಶೀಲಿಸಬೇಕು. ಹಗಲು ಯಂತ್ರಗಳಿಗೆ ಬಿಡುವಿಲ್ಲದ ಕಾಲದಲ್ಲಿ ಹುಟ್ಟಿದ ಆ ಪದ್ಧತಿ ಇಂದು ಸೂರ್ಯನಿಲ್ಲದ ಹೊತ್ತಿಗೆ ಭಾರ ಹಾಕುತ್ತದೆ. ಸ್ವಂತ ಯಂತ್ರವಿದ್ದರೆ ಪೂರ್ಣ ಓಟವನ್ನು ಊಟದ ಹೊತ್ತಿಗೆ ಇಡಿ; ತಂಡ ಊಟ ಮುಗಿಸಿ ಬರುವಷ್ಟರಲ್ಲಿ ಫಲಿತಾಂಶವೂ ಸಿದ್ಧ. ಗಿಟ್‌ಹಬ್‌ನ ವೇಳಾಪಟ್ಟಿ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯುವಂಥದ್ದಾದ್ದರಿಂದ ನಮ್ಮ ಮಧ್ಯಾಹ್ನ 12.30ಕ್ಕೆ ಅಲ್ಲಿ 7.00 ಎಂದು ಹಾಕಬೇಕು. ಆದರೆ ಓಟ ನಡೆಯುವುದು ಗಿಟ್‌ಹಬ್ ಒದಗಿಸಿದ ರನ್ನರ್‌ನಲ್ಲಿ ಆದರೆ ಅದು ಯಾವ ದೇಶದಲ್ಲಿದೆ ಎಂದು ಆರಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ, ಆಗ ನಮ್ಮ ಮಧ್ಯಾಹ್ನಕ್ಕೆ ಅರ್ಥವಿಲ್ಲ. ಪ್ರದೇಶವನ್ನು ಆರಿಸಬಹುದಾದ ಸೇವೆಗಳಲ್ಲಿ ಮುಂಬೈ ಕೇಂದ್ರಕ್ಕೆ ಈ ಹೊತ್ತಿನ ನಿಯಮ ಅನ್ವಯಿಸುತ್ತದೆ. ಜಲವಿದ್ಯುತ್ ಮತ್ತು ಅಣುವಿದ್ಯುತ್ ಹೆಚ್ಚಿರುವ ಸ್ವೀಡನ್ನಿನ ಕೇಂದ್ರವಾದರೆ ಹೊತ್ತಿನ ಚಿಂತೆ ಬಹುಮಟ್ಟಿಗೆ ಬೇಡ. ಗ್ರಾಹಕರ ನಿಜವಾದ ದತ್ತಾಂಶ ದೇಶದಿಂದ ಹೊರಗೆ ಹೋಗಬಾರದೆಂಬ ಒಪ್ಪಂದವಿದ್ದರೆ ಕೃತಕ ದತ್ತಾಂಶದಿಂದಲೇ ಟೆಸ್ಟ್ ಮಾಡಬೇಕಾಗುತ್ತದೆ.

ಹೊಸ ಯಂತ್ರ ಕೊಳ್ಳಬೇಕೇ

ಸುಮ್ಮನಿದ್ದಾಗ 10 ವಾಟ್ ಮಾತ್ರ ಎಳೆಯುವ ಸಣ್ಣ ಪೆಟ್ಟಿಗೆಯಂಥ ಮಿನಿ ಪಿಸಿಗಳು ಈಗ ಸಿಗುತ್ತವೆ. ಸದಾ ಎಚ್ಚರವಿರುವ 50 ವಾಟ್‌ನ ಡೆಸ್ಕ್‌ಟಾಪ್ ಜಾಗದಲ್ಲಿ ಇದನ್ನಿಟ್ಟರೆ ವರ್ಷಕ್ಕೆ ಸುಮಾರು 350 ಯೂನಿಟ್ ಉಳಿಯುತ್ತದೆ, ಅಂದರೆ 245 ಕೆ.ಜಿ. ಇಂಗಾಲದ ಡೈಆಕ್ಸೈಡ್. ತಯಾರಕರ ವರದಿಗಳ ಪ್ರಕಾರ ಒಂದು ಲ್ಯಾಪ್‌ಟಾಪಿನ ಜೀವಿತಾವಧಿಯ ಇಂಗಾಲದ ಹೊರೆ ಸಾಮಾನ್ಯವಾಗಿ 200ರಿಂದ 300 ಕೆ.ಜಿ. ಆಗಿದ್ದು, ಅದರ ಬಹುಪಾಲು ತಯಾರಿಕೆಯಲ್ಲೇ ಆಗಿರುತ್ತದೆ. ಮಿನಿ ಪಿಸಿಗೂ ಆ ಅಂದಾಜನ್ನೇ ಹಿಡಿದರೂ ಒಂದು ವರ್ಷದ ಸುಮಾರಿಗೆ ಅಸಲು ಬಂದಂತಾಯಿತು. ಹಳೆಯ ಯಂತ್ರವನ್ನು ಮಲಗಿಸಿ ಎಬ್ಬಿಸುವ ಕ್ರಮವನ್ನು ಈಗಾಗಲೇ ರೂಢಿಸಿಕೊಂಡ ಕಚೇರಿಗೆ ಉಳಿಯುವುದು ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಅಲ್ಲಿ ಹಳೆಯದನ್ನೇ ಅದು ಕೆಡುವತನಕ ಬಳಸುವುದು ಮೇಲು. ಮೊಬೈಲ್ ಆ್ಯಪ್ ಮಾಡುವವರು ಕಂಪ್ಯೂಟರಿನಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರ್‌ಗಾಗಿ ಬಲವಾದ ಯಂತ್ರ ಕೊಳ್ಳುವ ಮೊದಲು, ಕಪಾಟಿನಲ್ಲಿರುವ ಹಳೆಯ ಆಂಡ್ರಾಯ್ಡ್ ಫೋನನ್ನು ಕೇಬಲ್ ಹಾಕಿ ಜೋಡಿಸಿ ಟೆಸ್ಟ್ ಓಡಿಸಿ ನೋಡಲಿ. ಫೋನ್ ಎಳೆಯುವುದು ಕೆಲವೇ ವಾಟ್, ಎಮ್ಯುಲೇಟರ್ ಕಂಪ್ಯೂಟರಿನ ಹಲವು ಕೋರ್‌ಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಮಂಡಿಗೆ ಬರುವ ರೈತರ ಕೈಯಲ್ಲಿರುವುದೂ ಬಹುತೇಕ ಅಂಥದೇ ಫೋನ್.